‘ರಸವತ್ತಾದ’ ಪದ ಅಪರಾಧ ಸುದ್ದಿಗೆ ಬೇಡ

ಮಾನ್ಯ ಸಂಪಾದಕರೇ,

ಗಂಡನ ಮನೆಯಲ್ಲಿ ಸತ್ತ ಹೆಣ್ಣುಮಗಳೊಬ್ಬಳ ಸುದ್ದಿಯನ್ನು ಮೊನ್ನೆ ಓದಿದೆ. ಅವಳ ಸಂಸಾರದ ಜಗಳಗಳನ್ನು ಬಿಡಿಸಿಟ್ಟ ಭಾಗಕ್ಕೆ ‘ರಸವತ್ತಾದ ವಿವರಗಳು’ ಎಂದು ಉಪಶೀರ್ಷಿಕೆ ಕೊಟ್ಟಿದ್ದರು. ಮೈ ಉರಿಯಿತು.

ನಾನು ರಸಬಾಳೆ ಬೆಳೆಯುವವನು. ನಂಜನಗೂಡು ಸುತ್ತಿನ, ಚೌಳು ಬೆರೆತ ಕಪ್ಪು ಜೇಡಿಮಣ್ಣಿನ ಈ ಹಣ್ಣಿಗೆ ಭೌಗೋಳಿಕ ಸೂಚಕದ ಮಾನ್ಯತೆಯಿದೆ. ಆದರೆ ಪನಾಮ ಸೊರಗು ರೋಗ ಮಣ್ಣಿನಲ್ಲೇ ಬೀಡುಬಿಟ್ಟು ತೋಟಗಳನ್ನು ನುಂಗಿದ ಮೇಲೆ, ಅದರ ನಿಜವಾದ ರುಚಿ ಬಲ್ಲವರೇ ಕಡಿಮೆಯಾಗಿದ್ದಾರೆ. ಅದಕ್ಕೇ ಹೇಳುತ್ತೇನೆ: ಈ ಹಣ್ಣನ್ನು ಎಷ್ಟು ಹಿಂಡಿದರೂ ತೊಟ್ಟು ರಸ ಬಾರದು. ಆದರೂ ಹಿರಿಯರು ಇದನ್ನು ರಸಬಾಳೆ ಎಂದೇ ಕರೆದರು. ಚೆನ್ನಾಗಿ ಕಳಿತಾಗ ಸಿಪ್ಪೆ ತೆಳ್ಳಗಾಗಿ, ಕೋಣೆಯೆಲ್ಲ ಘಮ್ಮೆನ್ನುತ್ತದೆ. ಬಾಯಲ್ಲಿಟ್ಟರೆ ಬೆಣ್ಣೆಯಂತೆ ಕರಗುತ್ತದೆ, ನುಂಗಿದ ಮೇಲೂ ನಾಲಿಗೆಯ ಬುಡದಲ್ಲಿ ಸಿಹಿ ಉಳಿದಿರುತ್ತದೆ. ಮೂಗು, ಬೆರಳು, ನಾಲಿಗೆ ಎಲ್ಲಕ್ಕೂ ಒಟ್ಟಿಗೇ ಸಿಗುವ ಆ ತೃಪ್ತಿಯೇ ನಮಗೆ ರಸ. ಮೋಸಂಬಿ ರಸಭರಿತ, ಹಿಂಡಿದರೆ ಲೋಟ ತುಂಬುತ್ತದೆ. ರಸವತ್ತಾದದ್ದು ಎನ್ನಬೇಕಾದರೆ ಸವಿಯುವವನ ಮನಸ್ಸೂ ತುಂಬಬೇಕು. ಎರಡನ್ನೂ ಒಂದೇ ಎಂದು ಬಳಸುವವರಿದ್ದಾರೆ, ನನಗೆ ಒಪ್ಪಿಗೆಯಿಲ್ಲ.

ನಾಟ್ಯಶಾಸ್ತ್ರದಲ್ಲಿ ಭರತಮುನಿ ರಸ ಎಂದರೇನೆಂದು ತಿಳಿಸಲು ಹಿಡಿದದ್ದೂ ಊಟವನ್ನೇ. ಬಗೆಬಗೆಯ ವ್ಯಂಜನಗಳೊಡನೆ ಅನ್ನ ಉಂಡವರು ರುಚಿಯನ್ನು ಆಸ್ವಾದಿಸಿ ಹರ್ಷಪಡುವ ಹಾಗೆ, ಸಹೃದಯರಾದ ನೋಡುಗರು ಭಾವವನ್ನು ಆಸ್ವಾದಿಸುತ್ತಾರೆ ಎನ್ನುತ್ತಾನೆ. ನಮ್ಮೂರಿಗೆ ಗಮಕಿಗಳು ಬಂದು ಕುಮಾರವ್ಯಾಸನನ್ನು ಓದಿದ ರಾತ್ರಿ, ‘ಎಷ್ಟು ರಸವತ್ತಾಗಿ ಓದಿದ್ರು!’ ಅಂತ ದೊಡ್ಡವರು ಹೇಳುತ್ತಿದ್ದರು. ಹಾಗೆ ಹೇಳುತ್ತಿದ್ದವರು ದ್ರೌಪದಿಯ ಸಂಕಟಕ್ಕೆ ಕಣ್ಣೊರೆಸಿಕೊಂಡವರೇ. ಹಾಗಾಗಿ ದುಃಖವಿರುವಲ್ಲಿ ಈ ಪದ ಸಲ್ಲದು ಎಂಬುದು ನನ್ನ ವಾದವಲ್ಲ. ಅಲ್ಲಿ ಕೇಳುಗರ ಜೀವ ಅವಳ ಪರವಾಗಿ ಮಿಡಿಯುತ್ತಿತ್ತು. ಸತ್ತವಳ ಮನೆಯೊಳಗೆ ಇಣುಕಿ ನೋಡಿ ಚಪ್ಪರಿಸುವುದು ಬೇರೆ. ಅದಕ್ಕೆ ಚಪಲ ಎನ್ನುತ್ತಾರೆ. ಅವಳ ತಾಯಿಯೂ ಆ ಪುಟವನ್ನು ಓದಿರಬಹುದಲ್ಲವೇ?

ಹಬ್ಬದ ಊಟ, ತಾಳಮದ್ದಳೆಯ ಮಾತುಗಾರಿಕೆ, ಹರಿಕಥೆ, ಇವುಗಳ ವರದಿಯಲ್ಲಿ ‘ರಸವತ್ತಾದ’ ಧಾರಾಳವಾಗಿ ಬರಲಿ. ಅಪರಾಧ ಸುದ್ದಿಗೆ ‘ವಿವರಗಳು’ ಎಂದಷ್ಟೇ ಬರೆದರೆ ಏನೂ ಕೊರತೆಯಾಗದು. ನಿಮ್ಮ ಬಳಗದ ವರದಿಗಾರರಿಗೂ ಉಪಸಂಪಾದಕರಿಗೂ ಇದನ್ನು ದಯವಿಟ್ಟು ತಿಳಿಸಿ.

ಇತಿ,
ರಸಬಾಳೆ ಬೆಳೆಗಾರ, ನಂಜನಗೂಡು ತಾಲ್ಲೂಕು