ಮರಗಸಿ ಮಿಷನ್ ವಿಷಯ, ಅಪ್ಪನಿಗೆ

ಆಸ್ಟಿನ್, ಟೆಕ್ಸಾಸ್
ಏಪ್ರಿಲ್ 12, ಭಾನುವಾರ

ಅಪ್ಪ, ಅಮ್ಮ, ಇಬ್ಬರಿಗೂ ನಮಸ್ಕಾರ.

ನಾವೆಲ್ಲ ಚೆನ್ನಾಗಿದ್ದೇವೆ. ಪುಟ್ಟಿಯ ಕೆಮ್ಮು ಹೋಯಿತು, ಶಾಲೆಗೆ ಹೋಗುತ್ತಿದ್ದಾಳೆ. ಕಾಫಿ ಪುಡಿ, ಕಾಳುಮೆಣಸು, ಮಿಡಿ ಉಪ್ಪಿನಕಾಯಿ ಎಲ್ಲ ಸರಿಯಾಗಿ ಬಂತು. ಕಾಫಿ ಹೂ ಅರಳಿಸುವ ಹೂಮಳೆ ಚೆನ್ನಾಗಿ ಆಯಿತಂತೆ, ಖುಷಿಯಾಯಿತು.

ಪಾರ್ಸೆಲ್ಲಿನ ತಳದಲ್ಲಿ ಅಮ್ಮನ ಕಾಗದವೂ ಇತ್ತು. ಫೋನಿನಲ್ಲಿ ಹೇಳಿದರೆ ನಿಮ್ಮ ಕಿವಿಗೆ ಬೀಳುತ್ತದೆ ಅಂತ ಬರೆದು ಇಟ್ಟಿದ್ದಾಳೆ. ಅಪ್ಪ, ಅವಳನ್ನು ಬೈಬೇಡಿ. ಹಾಸನದಿಂದ ಪೆಟ್ರೋಲ್ ಪೋಲ್ ಸಾ, ಉದ್ದ ಕೋಲಿನ ತುದಿಯಲ್ಲಿ ಚೈನ್ ಗರಗಸ ಇರುವ ಮಿಷನ್, ತಂದಿದ್ದೀರಂತೆ. ತೋಟದ ನೆರಳಿನ ಮರಗಳ ಕೊಂಬೆ ತೆಗೆಯುವ ಮರಗಸಿಗೆ ಆಳು ಸಿಗಲಿಲ್ಲ ಅಂತ ನೀವೇ ಶುರು ಮಾಡಿದ್ದೀರಂತೆ. ಎರಡನೇ ದಿನ ಹಲಸಿನ ಮರದ ಕೆಳಗೆ ಕತ್ತು ಮೇಲೆತ್ತಿ ನೋಡುತ್ತಿದ್ದವರು ತಲೆ ಸುತ್ತಿ, ಮಿಷನ್ ಹಿಡಿದುಕೊಂಡೇ ಕುಸಿದು ಕೂತಿರಂತೆ. ಚೈನು ಇನ್ನೂ ತಿರುಗುತ್ತಿತ್ತು ಅಂತ ತೋಟದ ಕೆಲಸದ ಮಂಜ ಅಮ್ಮನಿಗೆ ಹೇಳಿದ್ದಾನೆ.

ಆ ಸಾಲು ಓದಿದ ಮೇಲೆ ನನಗೆ ರಾತ್ರಿ ನಿದ್ದೆ ಹತ್ತಲಿಲ್ಲ. ಫೋನ್ ಮಾಡಿದರೆ "ಆಯ್ತು ಆಯ್ತು" ಅಂದು ಅಮ್ಮನ ಕೈಗೆ ಕೊಟ್ಟುಬಿಡುತ್ತೀರಿ. ಅದಕ್ಕೇ ಬರೆಯುತ್ತಿದ್ದೇನೆ. ದಯವಿಟ್ಟು ಪೂರ್ತಿ ಓದಿ.

ಒಂದು ಮಾತು ನಿಮ್ಮಿಬ್ಬರ ಹತ್ತಿರ ಮುಚ್ಚಿಟ್ಟಿದ್ದೆ. 2023ರ ಜನವರಿ ಕೊನೆಯಲ್ಲಿ ಇಲ್ಲಿ ಐಸ್ ಮಳೆ ಆಯಿತಲ್ಲ, ಕರೆಂಟಿಲ್ಲ ಅಂತ ಹೇಳಿದ್ದೆ. ಬಿದ್ದ ಮಳೆ ಎಲೆಯ ಮೇಲೆಯೇ ಗಾಜಿನ ಹಾಗೆ ಗಟ್ಟಿಯಾಗುತ್ತದೆ. ಇಲ್ಲಿಯ ಲೈವ್ ಓಕ್ ಮರ ಚಳಿಗಾಲದಲ್ಲೂ ಎಲೆ ಉದುರಿಸುವುದಿಲ್ಲ. ಅಷ್ಟೂ ಎಲೆ ಮೇಲೆ ಐಸ್ ಕೂತು, ರಾತ್ರಿಯಿಡೀ ಕೊಂಬೆ ಮುರಿಯುವ ಸದ್ದು. ಕಾಡಿನಲ್ಲಿ ಈಡು ಹೊಡೆದ ಹಾಗೆ. ನಮ್ಮ ಹಿತ್ತಲಿನ ಮರದಲ್ಲೂ ಒಂದು ಕೊಂಬೆ ಅರ್ಧ ಮುರಿದು ನೇತಾಡುತ್ತಿತ್ತು. ಬಾಡಿಗೆಗೆ ಪೋಲ್ ಸಾ ತಂದೆ. ತೋಟದಲ್ಲಿ ಬೆಳೆದವನು, ಇದೇನು ಮಹಾ ಅನ್ನುವ ಧೈರ್ಯ. ಮೇಲಿನಿಂದ ಒಂದೇ ಸಲ ಕೊಯ್ದೆ. ಅರ್ಧ ಕೊಯ್ಯುವಷ್ಟರಲ್ಲಿ ಕೊಂಬೆ ತೊಗಟೆಯ ಸಮೇತ ಸೀಳಿಕೊಂಡು ಬಂತು. ನೆಲಕ್ಕೆ ಬೀಳಲಿಲ್ಲ ಅಪ್ಪ. ಪೋಲಿನ ಮೇಲೇ ಜಾರುತ್ತಾ ನೇರ ನನ್ನ ಕಡೆ ಬಂತು. ಹೆಲ್ಮೆಟ್ಟಿಗೆ ಬಡಿದು ಹೆಗಲ ಮೇಲೆ ಬಿತ್ತು. ಬ್ಯಾಡ್ಮಿಂಟನ್ ಆಡುವಾಗ ಹೆಗಲು ಉಳುಕಿತು ಅಂದಿದ್ದೆನಲ್ಲ, ಅದು ಇದೇ. ಅಮ್ಮ, ನೀನು ಗಾಬರಿಯಾಗಬೇಡ. ಈಗ ಏನೇನೂ ಇಲ್ಲ. ಪುಟ್ಟಿಯನ್ನು ಅದೇ ಹೆಗಲ ಮೇಲೆ ಕೂರಿಸಿಕೊಂಡು ಓಡಾಡುತ್ತೇನೆ. ಪೂರ್ತಿ ವಾಸಿಯಾಗಿದೆ. ಆದರೆ ಆವತ್ತು ತಲೆ ಮೇಲೆ ಹೆಲ್ಮೆಟ್ ಇಲ್ಲದಿದ್ದರೆ ಈ ಕಾಗದ ನಾನು ಬರೆಯುತ್ತಿರಲಿಲ್ಲ.

ಆಮೇಲೆ ಮರದ ಕೆಲಸದವರನ್ನು ಕರೆಸಿದೆ. ಇಲ್ಲಿ ಅದಕ್ಕೇ ಆರ್ಬರಿಸ್ಟ್ ಅಂತ ಇರುತ್ತಾರೆ, ಪರೀಕ್ಷೆ ಬರೆದು ಸರ್ಟಿಫಿಕೇಟ್ ಪಡೆದವರು. ಬಂದವರು ನಿಮ್ಮಷ್ಟೇ ವಯಸ್ಸಿನವರು. ಸೀಳಿದ ತೊಗಟೆ ನೋಡಿ ನನ್ನನ್ನು ಬೈಯಲಿಲ್ಲ. ಪಕ್ಕದಲ್ಲಿ ನಿಲ್ಲಿಸಿಕೊಂಡು ಒಂದು ಗಂಟೆ ತೋರಿಸಿಕೊಟ್ಟರು.

ಮೊದಲು ನಿಲ್ಲುವ ಜಾಗ. ಪೋಲು ನೆಟ್ಟಗಿದೆ ಅಂದರೆ ನೀವು ಕೊಂಬೆಯ ಕೆಳಗೇ ನಿಂತಿದ್ದೀರಿ ಅಂತ ಅರ್ಥ. ನೆಲದಿಂದ 60 ಡಿಗ್ರಿ ದಾಟದ ಹಾಗೆ ಓರೆಯಾಗಿ ಹಿಡಿಯಬೇಕು. ಆಗ ಕೊಂಬೆ ಬೀಳುವ ಜಾಗ ಬೇರೆ, ನಿಮ್ಮ ಜಾಗ ಬೇರೆ. ಕತ್ತನ್ನೂ ಅಷ್ಟು ಹಿಂದಕ್ಕೆ ಬಗ್ಗಿಸಬೇಕಾಗಿಲ್ಲ. ಅಮ್ಮ ಬರೆದ ಪ್ರಕಾರ ನೀವು ಕೊಂಬೆಯ ನೇರ ಕೆಳಗೆ ನಿಂತಿದ್ದಿರಿ. ನಿಲ್ಲುವ ಮೊದಲೇ ಹಿಂದೆ ಸರಿಯುವ ದಾರಿ ನೋಡಿಕೊಳ್ಳಬೇಕು. ನಮ್ಮ ಇಳಿಜಾರಿನಲ್ಲಿ, ಕಾಫಿ ಗಿಡಗಳ ನಡುವೆ, ಒಣ ಎಲೆಯ ದರಗಿನ ಮೇಲೆ ಕಾಲಿಟ್ಟರೆ ಜಾರುತ್ತದೆ. ಮೊದಲು ದರಗು ಎಳೆದು ನೆಲ ಬಿಡಿಸಿಕೊಳ್ಳಿ.

ಆಮೇಲೆ ಕೊಯ್ಯುವ ರೀತಿ. ಇಡೀ ಕೊಂಬೆ ಒಂದೇ ಸಲ ಬೇಡ. ತುದಿಯಿಂದ ತುಂಡು ತುಂಡು ಮಾಡುತ್ತಾ ಭಾರ ಇಳಿಸಬೇಕು. ಸಣ್ಣ ತುಂಡು ಬಿದ್ದರೆ ಕಾಫಿ ಗಿಡ ತಡೆದುಕೊಳ್ಳುತ್ತದೆ, ಇಡೀ ಕೊಂಬೆ ಬಿದ್ದರೆ ಗಿಡದ ರೆಕ್ಕೆ, ರೆಂಬೆಗಳೆಲ್ಲ ಮುರಿಯುತ್ತವೆ. ಕೊನೆಯ ತುಂಡಿಗೆ ಬಂದಾಗ, ಕಾಂಡದಿಂದ ಒಂದು ಮೊಳ ಆಚೆ, ಮೊದಲು ಕೆಳಗಿನಿಂದ ಕಚ್ಚು ಹಾಕಬೇಕು. ದಪ್ಪದ ಕಾಲು ಭಾಗ ಸಾಕು. ಜಾಸ್ತಿ ಹೋದರೆ ಕೊಂಬೆಯ ಭಾರಕ್ಕೆ ಬ್ಲೇಡು ಸಿಕ್ಕಿಹಾಕಿಕೊಳ್ಳುತ್ತದೆ. ಆ ಕಚ್ಚಿನಿಂದ ಎರಡು ಮೂರು ಬೆರಳು ಆಚೆ, ಮೇಲಿನಿಂದ ಕೊಯ್ಯಬೇಕು. ಆಗ ಕೊಂಬೆ ಕಚ್ಚಿನ ಹತ್ತಿರ ಮುರಿದು ಬೀಳುತ್ತದೆ, ತೊಗಟೆ ಕಾಂಡದವರೆಗೆ ಸೀಳುವುದಿಲ್ಲ. ಉಳಿದ ಮೋಟನ್ನು ಕಡೆಗೆ ತೆಗೆಯಬೇಕು. ಅದನ್ನು ಕಾಂಡಕ್ಕೆ ಸಮ ಮಾಡಿ ಕೆರೆಯಬಾರದು. ಕೊಂಬೆ ಕಾಂಡಕ್ಕೆ ಸೇರುವಲ್ಲಿ ಬಳೆ ತೊಟ್ಟ ಹಾಗೆ ಒಂದು ಉಬ್ಬು ಇರುತ್ತದೆ, ನೋಡಿ. ಗಾಯ ಮುಚ್ಚುವುದೇ ಆ ಉಬ್ಬಿನಿಂದ. ಅದನ್ನು ಬಿಟ್ಟು ಕೊಯ್ಯಬೇಕು. ಇಲ್ಲಿಯ ಅರಣ್ಯ ಇಲಾಖೆಯಲ್ಲಿ ಅಲೆಕ್ಸ್ ಶೈಗೋ ಅಂತ ವಿಜ್ಞಾನಿ ಇದ್ದರು. ಸಾವಿರಾರು ಮರಗಳನ್ನು ಉದ್ದಕ್ಕೆ ಸೀಳಿ, ಗಾಯವಾದ ಮೇಲೆ ಮರದ ಒಳಗೆ ಏನಾಗುತ್ತದೆ ಅಂತ ನೋಡಿದವರು. ಅವರು ಹೇಳಿದ ಮೇಲೆಯೇ ಇಲ್ಲಿಯವರೂ ಸಮ ಮಾಡಿ ಕಡಿಯುವುದು ಬಿಟ್ಟದ್ದು. ನೀವೂ ಆಳುಗಳಿಗೆ "ನೀಟಾಗಿ ಸಮ ಮಾಡ್ರೋ" ಅನ್ನುತ್ತಿದ್ದಿರಿ, ಅಲ್ವಾ? ನಮ್ಮ ಹಲಸಿನ ಮರದ ಪೊಟರೆಗಳು ನೆನಪಾದವು.

ಇಲ್ಲಿ ಮರ ಅಂದರೆ ಬಹಳ ಕಟ್ಟುನಿಟ್ಟು. ಈ ಊರಿನಲ್ಲಿ 19 ಇಂಚು ಅಡ್ಡಳತೆಯ ಮರವಾದರೆ, ನಮ್ಮ ಸ್ವಂತ ಹಿತ್ತಲಿನಲ್ಲಿದ್ದರೂ ಸುಮ್ನೆ ಕಡಿಯುವ ಹಾಗಿಲ್ಲ, ಪರವಾನಗಿ ಬೇಕು. ನಮ್ಮಲ್ಲಿ ಬೀಟೆ ಮರಕ್ಕೆ ಇದ್ದ ಹಾಗೆ. ಓಕ್ ಮರವನ್ನಂತೂ ಫೆಬ್ರವರಿಯಿಂದ ಜೂನ್‌ವರೆಗೆ ಕತ್ತರಿಸಬೇಡಿ ಅನ್ನುತ್ತಾರೆ. ಓಕ್ ವಿಲ್ಟ್ ಅಂತ ಒಂದು ಶಿಲೀಂಧ್ರ ರೋಗ, ಹಸಿ ಗಾಯದ ರಸಕ್ಕೆ ಬರುವ ಸಣ್ಣ ಜೀರುಂಡೆಗಳು ಹರಡುತ್ತವೆ. ನನ್ನದು ಫೆಬ್ರವರಿಯ ಮುರಿದ ಕೊಂಬೆ, ಬಿಡುವ ಹಾಗಿರಲಿಲ್ಲ. ಕೊಯ್ದ ತಕ್ಷಣ ಆ ಹಿರಿಯರು ಜೇಬಿನಿಂದ ಪೇಂಟ್ ಡಬ್ಬಿ ತೆಗೆದು ಗಾಯಕ್ಕೆ ಹೊಡೆದರು. ಬೇರೆ ಮರಗಳಿಗೆ ಪೇಂಟ್ ಬೇಕಿಲ್ಲವಂತೆ, ಓಕ್‌ಗೆ ಮಾತ್ರ. ಪುಟ್ಟಿ ಅದನ್ನು ನೋಡಿ ಮರಕ್ಕೆ ಮುಲಾಮು ಅಂದಳು.

ಈಗ ನನಗೆ ನಿದ್ದೆ ಕೆಡಿಸಿದ ವಿಷಯ. ತೋಟದ ಕೆಳಗಡೆ 11 ಕೆವಿ ಕರೆಂಟ್ ಲೈನ್ ಹೋಗಿದೆಯಲ್ಲ, ಅದರ ಪಕ್ಕದ ಸಿಲ್ವರ್ ಓಕ್ ಸಾಲು ನೀವು ಮುಟ್ಟಲೇಬಾರದು. ಪೋಲಿಗೆ ಕರೆಂಟು ತಡೆಯುವ ಶಕ್ತಿ ಇಲ್ಲ. ಅಲ್ಯೂಮಿನಿಯಂ ದೋಟಿ ತಂತಿಗೆ ತಾಗಿ ಸತ್ತವರ ಸುದ್ದಿ ನಾವೇ ಎಷ್ಟು ಸಲ ಪೇಪರಿನಲ್ಲಿ ಓದಿಲ್ಲ? ನಾನು ಬಾಡಿಗೆಗೆ ತಂದ ಮಿಷನ್ನಿನ ಪುಸ್ತಕದಲ್ಲಿ ಲೈನಿನಿಂದ 50 ಅಡಿ ದೂರ ಇರಿ ಅಂತ ದಪ್ಪ ಅಕ್ಷರದಲ್ಲಿತ್ತು. ಪೋಲೇ ತಂತಿಗೆ ತಾಗಬೇಕು ಅಂತಿಲ್ಲ. ನೀವು ಕೊಯ್ಯುತ್ತಿರುವ ಹಸಿ ಕೊಂಬೆ ಬಾಗಿ ತಂತಿಗೆ ತಾಗಿದರೂ ಸಾಕು. ಲೈನಿನ ಪಕ್ಕದ ಮರಕ್ಕೆ ಕರೆಂಟ್ ಕಂಪನಿಯ 1912ಕ್ಕೆ ಫೋನ್ ಮಾಡಿಸಿ. ಲೈನ್‌ಮ್ಯಾನ್ ಬಂದು ಕರೆಂಟು ತೆಗೆದು ಅವರೇ ಕಡಿಯಲಿ. ಒಂದು ವಾರ ತಡವಾಗಲಿ, ಒಂದು ತಿಂಗಳು ತಡವಾಗಲಿ. ಆ ಸಾಲಿನ ಕಾಫಿಗೆ ಈ ವರ್ಷ ನೆರಳು ಜಾಸ್ತಿಯಾದರೆ ಆಗಲಿ ಅಪ್ಪ.

ಏಣಿ ಹತ್ತಿ ಮಾತ್ರ ಇದನ್ನು ಹಿಡಿಯಬೇಡಿ. ಮೆಣಸು ಕೊಯ್ಯುವ ಒಂಟಿ ಏಣಿ ಎರಡು ಹೆಜ್ಜೆ ಹತ್ತಿದರೆ ಎಟುಕುತ್ತದೆ ಅಂತ ನಿಮಗೆ ಅನ್ನಿಸಿಯೇ ಅನ್ನಿಸುತ್ತದೆ, ನನಗೆ ಗೊತ್ತು. ಎರಡು ಕೈಯೂ ಮಿಷನ್ ಮೇಲಿದ್ದರೆ ಏಣಿಯನ್ನು ಹಿಡಿಯುವವರು ಯಾರು? ಎಟುಕದ ಕೊಂಬೆ ಬಿಟ್ಟುಬಿಡಿ. ಮಳೆ ಬಂದು ಒದ್ದೆಯಾದ ದಿನವೂ ಬೇಡ. ಮರದಿಂದ ಮರಕ್ಕೆ ಹೋಗುವಾಗ ಇಂಜಿನ್ ಆಫ್ ಮಾಡಿ. ಬೇರೆ ಯಾರೇ ಇದ್ದರೂ 50 ಅಡಿ ಆಚೆ ಇರಲಿ, ಆದರೆ ಕಣ್ಣಿಗೆ ಕಾಣುವಷ್ಟು ಹತ್ತಿರ ಒಬ್ಬರು ಇರಲೇಬೇಕು.

ಇಷ್ಟೆಲ್ಲ ಬರೆದದ್ದು ನೀವು ಮಾಡಲಿ ಅಂತಲ್ಲ. ಮಂಜನಿಗೆ ಕಲಿಸಿ ಅಂತ. ಅವನ ಕೈಗೆ ಕೊಡಿ. ಏಳು ಕೆಜಿಗೂ ಮೇಲಿದೆಯಂತೆ ಆ ಮಿಷನ್, ಭಾರವೆಲ್ಲ ತುದಿಯಲ್ಲಿ. ಅರ್ಧ ಗಂಟೆಗೆ ನನ್ನ ತೋಳೇ ನಡುಗುತ್ತಿತ್ತು. ಯಾವ ಕೊಂಬೆ ತೆಗೆದರೆ ಯಾವ ಗಿಡಕ್ಕೆ ಎಷ್ಟು ಬಿಸಿಲು ಬೀಳುತ್ತದೆ ಅಂತ ನಿಮಗೊಬ್ಬರಿಗೇ ಗೊತ್ತು. ನೀವು ದೂರದಲ್ಲಿ ನಿಂತು ಕೋಲಿನಿಂದ ತೋರಿಸಿ, ಅವನು ಕೊಯ್ಯಲಿ. ಅವನ ಕೂಲಿಯ ಮೇಲೆ ಇನ್ನಷ್ಟು ಕೊಡಿ, ಮರಗಸಿ ಮುಗಿಯುವವರೆಗೆ ಆ ಹಣ ನಾನು ಕಳಿಸುತ್ತೇನೆ. ಬೇಡ ಅನ್ನಬೇಡಿ.

ತಲೆ ಸುತ್ತಿದ್ದನ್ನು ಈ ವಾರವೇ ಡಾಕ್ಟರಿಗೆ ತೋರಿಸಿ. ಬಿಸಿಲಿಗೆ ಅಂತ ಹೇಳಿ ಮುಗಿಸಬೇಡಿ. ಅಮ್ಮ, ನೀನೂ ಜೊತೆಗೆ ಹೋಗು. ಬಿಪಿ ಎಷ್ಟಿತ್ತು ಅಂತ ಚೀಟಿ ನೋಡಿ ನನಗೆ ಹೇಳು.

ಸುನಿ ಇವತ್ತು ರಾತ್ರಿಯ ವಿಮಾನಕ್ಕೆ ಹೊರಟಿದ್ದಾನೆ, ಬಾಗಿಲಲ್ಲೇ ನಿಂತಿದ್ದಾನೆ. ಅವನ ಕೈಯಲ್ಲಿ ಎರಡು ಹೆಲ್ಮೆಟ್, ಕಣ್ಣಿಗೆ ಜಾಲರಿ ಇರುವಂಥದ್ದು, ಕನ್ನಡಕ, ಗ್ಲೌಸ್ ಕಳಿಸುತ್ತಿದ್ದೇನೆ. ಜಾಲರಿಯ ಒಳಗೆ ಕನ್ನಡಕವನ್ನೂ ಹಾಕಬೇಕು, ಗರಗಸದ ಪುಡಿ ನುಗ್ಗುತ್ತದೆ. ಒಂದು ಹೆಲ್ಮೆಟ್ ಮಂಜನಿಗೆ. ತಮ್ಮ ಅವನ್ನು ಸುನಿಯಿಂದ ಬೆಂಗಳೂರಿನಲ್ಲಿ ತೆಗೆದುಕೊಂಡು ಶನಿವಾರ ಬರುತ್ತಾನೆ. ಅಲ್ಲಿಯವರೆಗೆ ಮಿಷನ್ ಗೋದಾಮಿನಲ್ಲೇ ಇರಲಿ. ನಮ್ಮ ಬಗ್ಗೆ ಯೋಚನೆ ಮಾಡಬೇಡಿ, ಚೆನ್ನಾಗಿದ್ದೇವೆ. ಉಳಿದದ್ದು ಫೋನಿನಲ್ಲಿ.

ನಿಮ್ಮ ಮಗ