ಬಾಡಿಗೆ ಮನೆಗೂ ಸಮಾನತೆ ಬರಲಿ

ಮಾನ್ಯರೇ,

ಬೆಂಗಳೂರಿನಲ್ಲಿ ಮನೆ ಹುಡುಕುವಾಗ ಮಾಲೀಕರೊಬ್ಬರು ಮುಂಗಡದ ಮಾತಿಗೂ ಮೊದಲು ಕೇಳಿದ್ದು, ‘ನೀವು ಯಾವ ಜನ?’ ಎಂದು. ಉತ್ತರ ಕೇಳಿದ ಕೂಡಲೇ ‘ಮನೆ ಬೇರೆಯವರಿಗೆ ಕೊಟ್ಟಾಯಿತು’ ಎಂದರು. ಆ ಅವಮಾನ ಇನ್ನೂ ಆರಿಲ್ಲ.

ಅಂಗಡಿ, ಹೋಟೆಲು, ಬಾವಿ, ಕೆರೆಗಳಿಗೆ ಜಾತಿ, ಧರ್ಮದ ಕಾರಣಕ್ಕೆ ಯಾರನ್ನೂ ತಡೆಯಕೂಡದು ಎನ್ನುತ್ತದೆ ಸಂವಿಧಾನದ 15(2)ನೇ ವಿಧಿ. ಇದು ಖಾಸಗಿಯವರನ್ನೂ ಕಟ್ಟಿಹಾಕುತ್ತದೆ. ‘ಅಂಗಡಿ’ ಎಂಬ ಪದಕ್ಕೆ ಸೇವೆ ನೀಡುವ ಎಲ್ಲರನ್ನೂ ಒಳಗೊಳ್ಳುವ ವಿಶಾಲ ಅರ್ಥವಿದೆ ಎಂದು ಅಂಬೇಡ್ಕರ್ ಅವರು 1948ರಲ್ಲೇ ಸಂವಿಧಾನ ರಚನಾ ಸಭೆಯಲ್ಲಿ ವಿವರಿಸಿದ್ದರು. 2011ರಲ್ಲಿ ಸುಪ್ರೀಂ ಕೋರ್ಟ್ ಅದೇ ಅರ್ಥ ಹಿಡಿದು ಖಾಸಗಿ ಶಿಕ್ಷಣ ಸಂಸ್ಥೆಗಳನ್ನೂ ಈ ವಿಧಿಯ ವ್ಯಾಪ್ತಿಗೆ ತಂದಿತು. ಆದರೆ ವಸತಿಯ ವಿಷಯದಲ್ಲಿ, ಪಾರ್ಸಿಗಳಿಗಷ್ಟೇ ಸದಸ್ಯತ್ವವೆಂಬ ಗೃಹ ಸಹಕಾರ ಸಂಘದ ನಿಯಮವನ್ನು 2005ರಲ್ಲಿ ಅದೇ ನ್ಯಾಯಾಲಯ ಎತ್ತಿಹಿಡಿದಿತ್ತು.

ಹೊರಗಿಡುವುದನ್ನು ನಿಲ್ಲಿಸಲೆಂದೇ ಬರೆದ ವಿಧಿಯನ್ನು ಆ ಉದ್ದೇಶದಿಂದಲೇ ಓದಬೇಕು. ‘ಬಾಡಿಗೆಗೆ ಇದೆ’ ಎಂದು ಫಲಕ ಹಾಕಿದವರು ಸಾರ್ವಜನಿಕರನ್ನು ಕರೆದವರೇ ಅಲ್ಲವೇ? ಜಾತಿ, ಧರ್ಮದ ಕಾರಣಕ್ಕೆ ಮನೆ ನಿರಾಕರಿಸುವಂತಿಲ್ಲ ಎಂಬ ಸ್ಪಷ್ಟ ಕಲಮನ್ನು ರಾಜ್ಯ ಸರ್ಕಾರ 1999ರ ಕರ್ನಾಟಕ ಬಾಡಿಗೆ ಕಾಯ್ದೆಗೆ ಸೇರಿಸಲಿ.

– ಒಬ್ಬ ಬಾಡಿಗೆದಾರ, ಬೆಂಗಳೂರು