ಮಂಡಕ್ಕಿ-ಮೆಣಸಿನಕಾಯಿ ಗಾಡಿಗೆ ವರ್ಷ ತುಂಬಿತು, ಕಲಿಸಿದವರಿಗೆಲ್ಲ ನಮಸ್ಕಾರ

ದಾವಣಗೆರೆಯಲ್ಲಿ ನಮ್ಮ ಮಂಡಕ್ಕಿ-ಮೆಣಸಿನಕಾಯಿ ಗಾಡಿ ಒಂದು ವರ್ಷ ಪೂರೈಸಿದೆ. ಕೈಮುಗಿಯುವಾಗ ಯಾರು ಏನು ಕಲಿಸಿದರು ಅನ್ನೋದನ್ನೂ ಬರೆದಿದ್ದೇವೆ. ಹೊಸದಾಗಿ ಗಾಡಿ ಹಾಕುವವರಿಗೆ ಬೇಕಾಗುತ್ತೆ.

ಮೊದಲ ನಮಸ್ಕಾರ ಮಂಡಕ್ಕಿ ಭಟ್ಟಿಯ ಅಣ್ಣಂದಿರಿಗೆ. ಕಾದ ಮರಳಲ್ಲಿ ಹುರಿದ ಮಾಲು, ಜರಡಿ ಹಿಡಿಯದೆ ಗಾಡಿಗೆ ಏರಿಸಬೇಡಿ ಅಂದವರು ಅವರು. ಮಳೆಗಾಲದಲ್ಲಿ ಗೋಣಿಚೀಲದೊಳಗೆ ದಪ್ಪ ಪ್ಲಾಸ್ಟಿಕ್ ಚೀಲ ಇರಲೇಬೇಕು, ಒಂದು ಸಲಕ್ಕೆ ಒಂದೇ ಚೀಲದ ಬಾಯಿ ಬಿಚ್ಚಬೇಕು. ಈರುಳ್ಳಿ, ಟೊಮೇಟೊ, ಉಪ್ಪು ಮೊದಲೇ ಕಲಸಿಟ್ಟರೆ ನೀರು ಬಿಟ್ಟು ಮಂಡಕ್ಕಿ ಮೆತ್ತಗಾಗುತ್ತೆ. ಗಿರಾಕಿ ಕೇಳಿದ ಮೇಲೇ ಕಲಸೋದು, ಹುರಿಗಡಲೆ ಪುಡಿ ಕೊನೆಗೆ.

ಮೆಣಸಿನಕಾಯಿ ಬಜ್ಜಿಯ ಬಾಣಲೆ ಕೆಲಸ ಕಲಿಸಿದ ಹಿರಿಯಕ್ಕನ ಋಣ ದೊಡ್ಡದು. ಒಂದು ಕೆಜಿ ಕಡಲೆಹಿಟ್ಟಿಗೆ ನೂರು ಗ್ರಾಂ ಅಕ್ಕಿಹಿಟ್ಟು, ಎರಡು ಚಮಚ ಓಂಕಾಳು, ಉಪ್ಪು, ಚಿಟಿಕೆ ಸೋಡಾ. ಸೋಡಾ ಹೆಚ್ಚಾದರೆ ಬಜ್ಜಿ ಎಣ್ಣೆ ಕುಡಿಯುತ್ತೆ. ನೀರು ಸ್ವಲ್ಪ ಸ್ವಲ್ಪವೇ ಹಾಕಿ, ದೋಸೆ ಹಿಟ್ಟಿಗಿಂತ ಗಟ್ಟಿ ಇರಬೇಕು. ತೊಳೆದ ಮೆಣಸಿನಕಾಯಿಯನ್ನು ಬಟ್ಟೆಯಲ್ಲಿ ಒರೆಸದಿದ್ದರೆ ಹಿಟ್ಟು ಜಾರುತ್ತೆ, ಎಣ್ಣೆ ಸಿಡಿಯುತ್ತೆ. ಉದ್ದಕ್ಕೆ ಸೀಳದಿದ್ದರೆ ಒಳಗಿನ ಹಬೆಗೆ ಕಾಯಿ ಒಡೆಯುತ್ತೆ. ಒಂದು ಹನಿ ಹಿಟ್ಟು ಬಿಟ್ಟಾಗ ತಳಕ್ಕಿಳಿದು ತಕ್ಷಣ ಮೇಲೆದ್ದರೆ ಎಣ್ಣೆ ಹದ. ಒಂದೇ ಸಲ ಬಾಣಲೆ ತುಂಬಿಸಿದರೆ ಕಾವು ಇಳಿದು ಹಿಟ್ಟು ಒಳಗೆ ಹಸಿ ಉಳಿಯುತ್ತೆ. ನೊರೆ ಕಟ್ಟಿ ಕಪ್ಪಾದ ಎಣ್ಣೆಗೆ ಹೊಸದು ಬೆರೆಸಬೇಡಿ, ಪೂರ್ತಿ ತೆಗೆದುಬಿಡಿ. ಇದೊಂದರಲ್ಲಿ ಅಕ್ಕ ಯಾರ ಮಾತನ್ನೂ ಕೇಳ್ತಿರಲಿಲ್ಲ, ಅದು ಸರಿ ಕೂಡ.

ಪಾಲಿಕೆಯ ಕಚೇರಿಯಲ್ಲಿ ತಾಳ್ಮೆಯಿಂದ ದಾರಿ ತೋರಿಸಿದ ಸಿಬ್ಬಂದಿಗೂ ವಂದನೆ. ಬೀದಿ ವ್ಯಾಪಾರಿಗಳಿಗೆ 2014ರ ಕಾಯ್ದೆಯ ರಕ್ಷಣೆ ಇದೆ. ಪಾಲಿಕೆಯ ಬೀದಿ ವ್ಯಾಪಾರಿ ಸಮೀಕ್ಷೆಯಲ್ಲಿ ಹೆಸರು ಬಿಟ್ಟುಹೋದವರು ಅಲ್ಲಿಂದ ಶಿಫಾರಸು ಪತ್ರ ಪಡೆದು, ಬೀದಿ ವ್ಯಾಪಾರಿಗಳಿಗಾಗಿ ಇರುವ ಕೇಂದ್ರ ಸರ್ಕಾರದ ಪಿಎಂ ಸ್ವನಿಧಿ ಸಾಲಕ್ಕೆ ಅರ್ಜಿ ಹಾಕಬಹುದು. ಈಗ ಮೊದಲ ಸಾಲ 15,000 ರೂಪಾಯಿವರೆಗೆ, ತೀರಿಸಿದ ಮೇಲೆ 25,000, ಆಮೇಲೆ 50,000. ಕಂತು ಸಮಯಕ್ಕೆ ಕಟ್ಟಿದರೆ ಶೇ. 7ರಷ್ಟು ಬಡ್ಡಿ ಸಹಾಯಧನ ಬರುತ್ತೆ. ಸಾಲದ ದುಡ್ಡನ್ನೆಲ್ಲ ಗಾಡಿಗೇ ಸುರಿಯಬೇಡಿ, ಒಂದು ವಾರದ ಮಾಲಿನಷ್ಟು ಕೈಯಲ್ಲಿರಲಿ. ತಿಂಡಿ ಮಾರುವವರಿಗೆ ಆಹಾರ ಸುರಕ್ಷತಾ ನೋಂದಣಿಯೂ ಬೇಕು. ಮನೆಯ ಸಿಲಿಂಡರ್ ಗಾಡಿಗೆ ತರುವಂತಿಲ್ಲ, ವಾಣಿಜ್ಯ ಸಿಲಿಂಡರೇ ಆಗಬೇಕು.

ಪಕ್ಕದ ಹೂವಿನ ಗಾಡಿ ಅಕ್ಕ, ನಾವು ನೀರಿಗೆ ಹೋದಾಗಲೆಲ್ಲ ಗಲ್ಲಾ ಕಾದಿರಿ. ಸಂಜೆಯ ಗಿರಾಕಿಗಳೇ, ನ್ಯೂಸ್‌ಪೇಪರ್ ನಿಲ್ಲಿಸಿ ಎಲೆ ತಟ್ಟೆಗೆ ಬದಲಾದಾಗ ಒಂದು ರೂಪಾಯಿ ಹೆಚ್ಚಾಯಿತು, ಅಚ್ಚಿನ ಮಸಿ ಬಿಸಿ ಎಣ್ಣೆಗೆ ಅಂಟುತ್ತೆ ಅಂತ ಹೇಳಿದ ಮೇಲೆ ನೀವು ಯಾರೂ ಬೇಸರಪಡಲಿಲ್ಲ. ಡಬ್ಬಿ ತರುವವರಿಗೆ ಆ ರೂಪಾಯಿ ಇವತ್ತಿಗೂ ಬಿಡ್ತೇವೆ.